ನಂದವರದ ಮಾವನವರ ವಾನಪ್ರಸ್ಥ

ಜನನಿಬಿಡವಾದ ಪೇಟೆಯ ಪ್ರತಿಯೊಂದು ಓಣಿಯಲ್ಲಿಯೂ, ಈ ಗದ್ದಲವನ್ನು ತೊರೆದು ನಾಳೆಯೇ ಹುಟ್ಟೂರಿಗೆ ಹೊರಡುವೆನೆಂದು ಹಲವಾರು ವರ್ಷಗಳಿಂದ ಸಾರುತ್ತ, ಹೊಸ್ತಿಲನ್ನು ಮಾತ್ರ ದಾಟದಿರುವ ಮಹನೀಯರೊಬ್ಬರು ಇದ್ದೇ ಇರುವರು. ಆದವಾನಿಯ ಹಳೆಯ ಪೇಟೆಯಲ್ಲಿ, ಷರಾಫ ಬಜಾರಿಗೆ ಕೂಗಳತೆಯಲ್ಲಿರುವ ನಮ್ಮ ಓಣಿಗೆ ಈ ಪದವಿಯನ್ನು ಅಲಂಕರಿಸಿರುವವರು ನಂದವರದ ಮಾವನವರು. ಹತ್ತಿ ಮಂಡಿಯೊಂದರಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದ ಇವರ ನಿಜನಾಮವು ಪೋಸ್ಟಿನವನಿಗಲ್ಲದೆ ಅನ್ಯರಿಗೆ ತಿಳಿಯದು. ಹುಟ್ಟೂರೇ ಹೆಸರಾಗಿ ನಿಂತಿದೆ. ಬನಗಾನಪಲ್ಲೆಯ ಸಮೀಪದಲ್ಲಿ, ಚೌಡೇಶ್ವರಿಯ ಸನ್ನಿಧಾನದಿಂದ ಪ್ರಖ್ಯಾತವಾದ ನಂದವರ ಬೇರೊಂದುಂಟು. ಮಾವನವರದು ಅದಲ್ಲ, ಎಮ್ಮಿಗನೂರಿನ ಬಳಿಯದು. ಆದರೂ ಹೊಸಬರು ಊರ ಹೆಸರನ್ನು ಕೇಳಿದೊಡನೆ ಭಕ್ತಿಯಿಂದ ಕೈಮುಗಿದರೆ, ಆ ನಮಸ್ಕಾರವನ್ನು ಹಿಂದಿರುಗಿಸುವಷ್ಟು ನಿಷ್ಠುರರು ಅವರಲ್ಲ.

“ಸಾಕಾಗಿ ಹೋಗೈತಪ್ಪಾ ಈ ಪೇಟೆ. ಉಗಾದಿ ಒಂದು ಆಗ್ಲಿ, ನಂದವರಕ್ಕೆ ಹೋಗಿಬಿಡ್ತೀನಿ” ಎಂಬುದು ಅವರ ಪ್ರಾತಃಸಂಕಲ್ಪ. ಇದನ್ನು ಕೇಳಿದ ಅತ್ತೆಯವರು ಕೊಡವನ್ನು ಎತ್ತಿಕೊಳ್ಳುತ್ತ, “ಹೋಗುವಿರಂತೆ, ಮೊದಲು ನಳದಾಗ ಪಾಳಿ ಹಿಡೀರಿ” ಎನ್ನುವರು. ಕೂಡಲೇ ವಾನಪ್ರಸ್ಥವು ಮುಂದೂಡಲ್ಪಡುವುದು; ಏಕೆಂದರೆ ನಳದ ಸಾಲಿನಲ್ಲಿ ಯಾರ ಕೊಡದ ಹಿಂದೆ ಯಾರ ಕೊಡವಿತ್ತು, ಕೊಡವನ್ನಿಡದೆ ಬರಿಯ ಕಲ್ಲನ್ನಿಟ್ಟು ಹೋದವಳಿಗೆ ಸರದಿಯುಂಟೋ ಇಲ್ಲವೋ ಎಂಬ ಸೂಕ್ಷ್ಮ ಧರ್ಮವನ್ನು ನಿರ್ಣಯಿಸಬಲ್ಲವರು ಆ ಓಣಿಯಲ್ಲಿ ಅವರೊಬ್ಬರೇ.

ಅವರ ಮನೆಯ ಮೂರು ಗೋಡೆಗಳು ಮೂರು ಸಂಸಾರಗಳಿಗೆ ಸಮಾನವಾಗಿ ಸೇರಿದವು. ನಾಲ್ಕನೆಯದರಲ್ಲಿ ಬಾಗಿಲು, ಬಾಗಿಲಾಚೆ ಜಗಲಿ, ಜಗಲಿಗೆ ಒರಸಿಕೊಂಡೇ ಬೀದಿ. ಮಾಳಿಗೆಯ ಬೆಳಕಿಂಡಿಯಿಂದ ಬೆಳಕಿಗಿಂತ ಮೊದಲು ಪಕ್ಕದ ಮನೆಯ ಒಗ್ಗರಣೆ ಇಳಿಯುವುದಾದಕಾರಣ, ಅಲ್ಲಿ ಇಂದು ಉಗ್ಗಾಣಿಯೋ ಉಪ್ಪಿಟ್ಟೋ ಎಂಬುದನ್ನು ಅವರು ಹಾಸಿಗೆಯಲ್ಲಿಯೇ ಬಲ್ಲರು. ಮೆಣಸಿನಕಾಯಿ ಬಜ್ಜಿಯೂ ಜೊತೆಗಿದ್ದರೆ ಆ ಮನೆಗೆ ಅಳಿಯ ಬಂದಿದ್ದಾನೆಂದು ಊಹಿಸುವರು, ಮತ್ತು ಆ ಊಹೆ ತಪ್ಪಿದುದನ್ನು ನಾನು ಕಂಡಿಲ್ಲ. ಗಡಿಯಾರವೂ ಅವರಿಗೆ ಅನಾವಶ್ಯಕ. ಬಿಜಾಪುರದ ಆದಿಲಶಾಹಿಯ ಕಾಲದಲ್ಲಿ ಸಿದ್ದಿ ಮಸೂದ್ ಖಾನನು ಕಟ್ಟಿಸಿದ ಜಾಮಿಯಾ ಮಸೀದಿಯ ಬಾಂಗು, ರಣಮಂಡಲದ ಆಂಜನೇಯನ ಬೆಟ್ಟವನ್ನು ಹತ್ತಲು ಹೊರಟವರ ಗೋವಿಂದನಾಮ, ಹತ್ತಿಯ ಜಿನ್ನಿನ ಕೂಗು, ರಾಯಚೂರಿನ ಕಡೆಯ ರೈಲಿನ ಸಿಳ್ಳು, ಇವೆಲ್ಲ ಅವರ ದಿನಚರಿಯ ಗಂಟೆಗಳು. ಇವುಗಳಲ್ಲಿ ಒಂದೊಂದನ್ನೂ ಅವರು ಪ್ರತ್ಯೇಕವಾಗಿ ಶಪಿಸುವರು. ಒಂದು ತಡವಾದರೂ ಜಗಲಿಗೆ ಬಂದು ಕಳವಳದಿಂದ ವಿಚಾರಿಸುವರು.

ಊರು ಬಿಡುವೆನೆನ್ನುವವರ ಪ್ರತಿಜ್ಞೆಯನ್ನು ಲಘುವಾಗಿ ಕಾಣಲಾಗದು, ಏಕೆಂದರೆ ಮಾವನವರು ಕುಳಿತಲ್ಲಿಯೇ ದೂರ ಪ್ರಯಾಣ ಮಾಡಿದವರು. ಆ ಮನೆಯ ಕ್ರಯಪತ್ರವಾದಾಗ ಅದು ಮದ್ರಾಸಿನ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರಿಗೆ ಸಂದು, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಹೊಸ ಆಂಧ್ರ ರಾಜ್ಯದ ಪಾಲಾದುವು. 1956ರ ನವೆಂಬರ್ 1ರಂದು ಅದೇ ಆಂಧ್ರ ಪ್ರದೇಶವಾಯಿತು. ಹೀಗೆ ಒಂದೇ ಜಗಲಿಯ ಮೇಲೆ, ಒಂದೇ ಚಾಪೆಯ ಮೇಲೆ ಕುಳಿತು ಮೂರು ರಾಜ್ಯಗಳನ್ನು ಸುತ್ತಿದವರಿಗೆ ನಂದವರದವರೆಗೆ ಬಸ್ಸು ಹತ್ತುವುದು ಆಯಾಸವೆನಿಸಿದರೆ ಅದರಲ್ಲಿ ಆಶ್ಚರ್ಯವೇನು? ಲೆಕ್ಕವನ್ನು ಕನ್ನಡದಲ್ಲಿ ಬರೆದು, ಗಿರಾಕಿಯೊಡನೆ ತೆಲುಗಿನಲ್ಲಿ ಚೌಕಾಸಿ ಮಾಡಿ, ಗಾಡಿಯವನನ್ನು ಉರ್ದುವಿನಲ್ಲಿ ಬೈಯುವ ಅವರ ಅಭ್ಯಾಸವು ಮಾತ್ರ ಯಾವ ರಾಜ್ಯದಲ್ಲಿಯೂ ಬದಲಾಗಲಿಲ್ಲ.

ಎರಡನೆಯ ಮುಂಬಯಿಯೆಂದು ವ್ಯಾಪಾರಿಗಳು ಕೊಂಡಾಡುವ ಈ ಊರಿಗೆ ಹತ್ತಿಯ ಸುಗ್ಗಿ ಬಂದಿತೆಂದರೆ ಮಾವನವರ ವೈಭವವನ್ನು ನೋಡಬೇಕು. ಬಸುರಿ ಎಮ್ಮೆಗಳಂತೆ ಎರಡೂ ಪಕ್ಕಕ್ಕೆ ಉಬ್ಬಿದ ಅಂಡಿಗೆಯ ಗಾಡಿಗಳು ಓಣಿಯ ಬಾಯಲ್ಲಿ ಎದುರುಬದುರಾಗಿ ಸಿಕ್ಕಿ, ಒಂದರ ಹಿಂದೆ ಬಟ್ಟೆಯ ಗಂಟಿನ ಕೈಗಾಡಿ, ಅದರ ಹಿಂದೆ ಮದುವೆಯ ಜವಳಿಗೆ ಬಂದ ಹತ್ತು ಹೆಂಗಸರು, ಅವರ ಹಿಂದೆ ಯಾರಿಗೂ ಸೇರದ ಒಂದು ಹೋರಿ, ಹೀಗೆ ಹಾದಿಯೆಲ್ಲ ಬಿಗಿದುಹೋದಾಗ, “ಇಂಥಾ ಊರಾಗ ಮನುಷ್ಯರು ಇರ್ತಾರೇನು!” ಎಂದು ಗರ್ಜಿಸುತ್ತ ಅವರು ಪಂಚೆಯನ್ನು ಮೇಲಕ್ಕೆ ಕಟ್ಟಿ ಕೆಳಗಿಳಿಯುವರು. ಯಾವ ಗಾಡಿ ಎಷ್ಟು ಮೊಳ ಹಿಂದೆ ಸರಿದರೆ ಯಾರ ಜಗಲಿಯ ಕಲ್ಲು ಉಳಿದೀತೆಂಬ ಗಣಿತವು ಅವರಿಗೆ ಕರತಲಾಮಲಕ. ಹಾದಿ ಬಿಟ್ಟ ಮೇಲೆ ಅವರ ಮುಖದಲ್ಲಿ ತೋರುವ ಖಿನ್ನತೆಯನ್ನು ಆಯಾಸವೆಂದು ಎಲ್ಲರೂ ಭಾವಿಸುವರು.

ಒಮ್ಮೆ ಅವರು ನಂದವರಕ್ಕೆ ನಿಜವಾಗಿಯೂ ಹೋದರು. ಮೂರು ದಿನವೆಂದು ಹೇಳಿ ಹೋದವರು ಮರುದಿನವೇ ಮರಳಿ, ಅಲ್ಲಿ ರಾತ್ರಿ ಎಂಟಕ್ಕೇ ಜನ ಮಲಗುವರೆಂದೂ, ತಾವು ಬೈದರೆ ಕೇಳಿಸಿಕೊಳ್ಳಲು ನಾಯಿಯೂ ಎಚ್ಚರವಿರದೆಂದೂ ದೂರಿದರು.

ಕಡೆಗೆ ಮನೆಯನ್ನು ಬಾಡಿಗೆಗೆ ಕೊಟ್ಟೇ ತೀರುವೆನೆಂಬ ಸುದ್ದಿ ಹರಡಿ, ಬ್ಯಾಂಕಿನ ಗುಮಾಸ್ತನೊಬ್ಬನು, ಸಾಧು ಸ್ವಭಾವದ ತರುಣ, ಮುಂಗಡವನ್ನು ಕೈಯಲ್ಲಿ ಹಿಡಿದೇ ಬಂದನು. ಮಾವನವರು ಅವನನ್ನು ಜಗಲಿಯ ಮೇಲೆ ಕೂರಿಸಿ ಪರೀಕ್ಷೆಗೆ ತೊಡಗಿದರು. ಎದುರುಮನೆಯ ಮುದುಕಿ ಕೆಮ್ಮಿದರೆ ಏನು ಮಾಡುವಿ? ಬಾಗಿಲು ಹಾಕಿಕೊಳ್ಳುವೆನೆಂದನು. ಕೆಮ್ಮು ನಿಂತರೆ? ನಿದ್ದೆ ಮಾಡುವೆನೆಂದನು. “ನಿಂತರೆ ಎದ್ದು ಹೋಗಿ ನೋಡಬೇಕೋ ತಮ್ಮಾ!” ಎಂದು ಮಾವನವರು ಹಣೆ ಬಡಿದುಕೊಂಡರು. ನಳದ ಸರದಿಯ ಪ್ರಶ್ನೆಯಲ್ಲಂತೂ ಆ ಬಡಪಾಯಿಯು, ಮನೆಯೊಳಗೇ ನೀರು ಬರುವಂತೆ ಅರ್ಜಿ ಹಾಕುವೆನೆಂದು ಉತ್ತರಿಸಿ ಸಂಪೂರ್ಣವಾಗಿ ಅನುತ್ತೀರ್ಣನಾದನು. ಮುಂಗಡವು ಅವನ ಜೇಬಿಗೇ ಮರಳಿತು.

ಅವನಿಗೆ ಎರಡು ಮನೆಯಾಚೆ ಬಾಡಿಗೆ ದೊರೆಯಿತು. ಹೊರಗಿನವರು ಹೀಗೆ ಬಂದು ತುಂಬಿಕೊಂಡರೆ ಓಣಿಯಲ್ಲಿ ಉಸಿರಾಡುವುದೆಂತು, ಬರುವ ಉಗಾದಿಗೆ ತಾವು ಹೊರಡುವುದೇ ಸರಿ, ಎಂದು ಮಾವನವರು ಪ್ರತಿದಿನ ಬೆಳಿಗ್ಗೆ ಅವನನ್ನೇ ಕೂರಿಸಿಕೊಂಡು ವಿವರಿಸುತ್ತಿದ್ದಾರೆ. ಅವನಿಗೆ ಬ್ಯಾಂಕಿಗೆ ತಡವಾಗುತ್ತಿದೆ.