‘ಅದ್ದಿ ನೋಡದೆ ಯಾರನ್ನೂ ನಂಬೋದಿಲ್ಲ’: ಲ್ಯಾಕ್ಟೋಮೀಟರ್ ಮನದಾಳ

ಹೊಳೆನರಸೀಪುರ ತಾಲ್ಲೂಕಿನ ಒಂದೂರಿನ ಹಾಲಿನ ಡೇರಿ. ಹೊಸ ಯಂತ್ರ ಬಂದ ಮೇಲೆ ಹಳೆಯ ಲ್ಯಾಕ್ಟೋಮೀಟರಿಗೆ ಕರೆಂಟು ಹೋದಾಗ ಮಾತ್ರ ಕೆಲಸ. ಉಳಿದ ಹೊತ್ತು ಕಿಟಕಿಯಲ್ಲಿ ವಿಶ್ರಾಂತಿ. ಕಂಪನಿಗಳ ‘ವಿಷನ್, ಮಿಷನ್, ವ್ಯಾಲ್ಯೂಸ್’ ಕುರಿತ ನಮ್ಮ ವಿಶೇಷ ಸಂಚಿಕೆಗೆ ತಜ್ಞರ ಅಭಿಪ್ರಾಯ ಬೇಕಿತ್ತು. ಹುಡುಕಿಕೊಂಡು ಹೋದೆವು.

ಪ್ರಶ್ನೆ: ಮೌಲ್ಯಗಳ ವಿಷಯದಲ್ಲಿ ತಮ್ಮ ಅನುಭವ?

ಲ್ಯಾಕ್ಟೋಮೀಟರ್: ಬೆಳಗಾಗೆದ್ದು ಕ್ಯೂ ನಿಂತವರ ಪ್ರಾಮಾಣಿಕತೆ ಅಳೆದೇ ಆಯಸ್ಸು ಕಳೆದೆ ಸ್ವಾಮಿ. ನನ್ನ ಮೈಮೇಲೆ 28 ಅಂತ ಬಂದ್ರೆ, ಲೀಟರ್ ನೀರು ಸಾವಿರ ಗ್ರಾಂ ತೂಗೋ ಕಡೆ ಹಾಲು 1,028 ಗ್ರಾಂ ತೂಗ್ತದೆ ಅಂತ ಲೆಕ್ಕ. ನೀರು ಬೆರೆಸಿದ್ರೆ ನಾನು ಕೆಳಕ್ಕಿಳೀತೀನಿ. ನಾನು ಇಳಿದಷ್ಟೂ ಕ್ಯಾನು ತಂದವರ ಮುಖವೂ ಇಳೀತದೆ.

ಪ್ರಶ್ನೆ: ಯಾವುದೋ ಕಂಪನಿಯ ಕಾರ್ಯಾಗಾರಕ್ಕೂ ಹೋಗಿದ್ದಿರಂತೆ?

ಲ್ಯಾಕ್ಟೋಮೀಟರ್: ಹಾಸನದಲ್ಲಿ. ಹೊಸದಾಗಿ ಹಾಲು ಕೊಳ್ಳೋಕೆ ಬಂದ (ಹೆಸರು ಕೈಬಿಡಲಾಗಿದೆ – ಸಂ.) ಕಂಪನಿಯವರದು. ಸೆಕ್ರೆಟರಿ ಚೀಲದಲ್ಲಿ ನಾನೂ ಹೋಗ್ಬಿಟ್ಟೆ. ಬೆಂಗಳೂರಿನ ಸಲಹೆಗಾರರು ಎಲ್ಲರಿಗೂ ಹಳದಿ ಚೀಟಿ ಹಂಚಿ ‘ನಿಮ್ಮ ಕನಸು ಬರೀರಿ’ ಅಂದ್ರು. ಅರಕಲಗೂಡಿನವರು ‘ಬಟವಾಡೆ ತಡ ಆಗಬಾರದು’ ಅಂತ ಬರೆದ್ರು. ಚನ್ನರಾಯಪಟ್ಟಣದವರು ‘ಹಿಂಡಿ, ಬೂಸಾ ಏರಿದಷ್ಟು ಹಾಲಿನ ರೇಟೂ ಏರಲಿ’ ಅಂದ್ರು. ನಮ್ಮೂರ ಅಜ್ಜಿ ಒಬ್ಬರು ಚೀಟಿ ತಿರುಗಿಸಿ ಮುರುಗಿಸಿ ನೋಡಿ, ‘ಊಟ ಎಷ್ಟೊತ್ತಿಗೆ?’ ಅಂತ ಬರೆಸಿದ್ರು.

ಪ್ರಶ್ನೆ: ಎಲ್ಲ ಕಡೆದು ಬಂದ ಬೆಣ್ಣೆ?

ಲ್ಯಾಕ್ಟೋಮೀಟರ್: ‘ನಾವೀನ್ಯತೆ, ಸಹಭಾಗಿತ್ವ ಹಾಗೂ ಸುಸ್ಥಿರತೆಯ ಮೂಲಕ ಕ್ಷೀರ ಸರಪಳಿಯ ಪ್ರತಿಯೊಬ್ಬ ಪಾಲುದಾರರ ಸಬಲೀಕರಣ.’ ಅಜ್ಜಿಯ ಚೀಟಿ ‘ಸಮಯಪಾಲನೆ’ ಆಯ್ತು. ಬಟವಾಡೆ ಚೀಟಿ ಎಲ್ಲಿ ಹೋಯ್ತೋ ಕಾಣಲಿಲ್ಲ.

ಪ್ರಶ್ನೆ: ಒಳ್ಳೆಯ ಮಾತುಗಳೇ ತಾನೆ?

ಲ್ಯಾಕ್ಟೋಮೀಟರ್: ಕೆಟ್ಟದ್ದು ಅಂದೋರ್ಯಾರು? ಆದ್ರೆ ಅದರೊಳಗೆ ನನ್ನನ್ನ ಬಿಟ್ರೆ ತೇಲಬೇಕೋ ಮುಳುಗಬೇಕೋ ಗೊತ್ತಾಗೋಲ್ಲ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ನೇಕಾರರು, ಕೆಲಸಗಾರರು ಸೇರಿ ಸಹಕಾರಿ ಅಂಗಡಿ ತೆರೆದ್ರು. ಹಿಟ್ಟಿಗೆ ಸಿಕ್ಕಿದ್ದೆಲ್ಲ ಬೆರೆಸ್ತಿದ್ದ ಕಾಲ ಅದು. ಇವರ ಮಾತು ಚಿಕ್ಕದು: ಕಲಬೆರಕೆಯಿಲ್ಲದ ಮಾಲು, ಪೂರ್ತಿ ತೂಕ, ಒಬ್ಬ ಸದಸ್ಯನಿಗೆ ಒಂದೇ ಓಟು. ತಕ್ಕಡಿ ಇದ್ದ ಯಾರು ಬೇಕಾದ್ರೂ ಪರೀಕ್ಷೆ ಮಾಡಬಹುದಿತ್ತು. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಪವರ್‌ಪಾಯಿಂಟ್ ಇತ್ತಾ?

ಪ್ರಶ್ನೆ: ಆದರೂ ಪ್ರಚಾರ ಬೇಡವೇ? 2024ರ ಟಿ20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ತಂಡಗಳಿಗೆ ನಂದಿನಿಯೇ ಪ್ರಾಯೋಜಕರು.

ಲ್ಯಾಕ್ಟೋಮೀಟರ್: ಬಲೇ ಸಂತೋಷ. ಆದ್ರೆ ಬೆಳಿಗ್ಗೆ ಕಾಫಿಗೆ ನೀಲಿ ಪ್ಯಾಕೆಟ್ ಕತ್ತರಿಸೋರು ಸ್ಕಾಟ್ಲೆಂಡಿನ ಸ್ಕೋರು ಕೇಳ್ತಾರಾ? ಪ್ಯಾಕೆಟ್ ಮೇಲೆ ಫ್ಯಾಟ್ 3, ಎಸ್‌ಎನ್‌ಎಫ್ 8.5 ಅಂತ ಇರ್ತದಲ್ಲ, ಅದೇ ಧ್ಯೇಯವಾಕ್ಯ. ಸುಳ್ಳಾದ್ರೆ ಲ್ಯಾಬಿಗೆ ಕೊಟ್ಟು ಹಿಡೀಬಹುದು.

ಪ್ರಶ್ನೆ: ಅಂದರೆ, ಅಳತೆಗೆ ಸಿಕ್ಕಿದ್ದೇ ಸತ್ಯ?

ಲ್ಯಾಕ್ಟೋಮೀಟರ್: ಅಲ್ಲೇ ಜಾರೋದು! ನನ್ನದೇ ಗುಟ್ಟು ಬಿಡ್ತೀನಿ ಕೇಳಿ. ಕೊಬ್ಬು ನೀರಿಗಿಂತ ಹಗುರ. ಕೆನೆ ತೆಗೆದ್ರೆ ಡಿಗ್ರಿ ಏರ್ತದೆ. ಏರಿದ್ದಕ್ಕೆ ತಕ್ಕಷ್ಟು ನೀರು ಹುಯ್ದ್ರೆ ಮತ್ತೆ ಅದೇ 28. ಹಾಲು ಎರಡು ಸಲ ಕೆಟ್ಟಿರ್ತದೆ, ನಾನು ಶಹಬ್ಬಾಸ್ ಅಂತಿರ್ತೀನಿ. ಅದಕ್ಕೇ ಫ್ಯಾಟನ್ನೂ ನೋಡಬೇಕು ಅನ್ನೋದು. ‘ಗ್ರಾಹಕರ ತೃಪ್ತಿ ನೂರಕ್ಕೆ ತೊಂಬತ್ತು ಬರಲೇಬೇಕು’ ಅಂತ ಕಂಪನಿ ಹಟ ಹಿಡಿದ್ರೆ, ಹುಡುಗರು ತೃಪ್ತರನ್ನೇ ಹುಡುಕಿ ಕೇಳ್ಕೊಂಡು ಬರ್ತಾರೆ.

ಪ್ರಶ್ನೆ: ಹಾಗಿದ್ದ ಮೇಲೆ ಮೌಲ್ಯಗಳನ್ನು ನೌಕರರಿಗೆ ಮುಟ್ಟಿಸುವುದು ಹೇಗೆ?

ಲ್ಯಾಕ್ಟೋಮೀಟರ್: ನಮ್ಮ ಕ್ಯೂನಲ್ಲಿ ನಿಂತು ನೋಡಿ. ಡಿಗ್ರಿ ನೋಡೋದು ಎಲ್ಲರ ಎದುರಿಗೆ. ಅಧ್ಯಕ್ಷರ ಮನೆ ಹಾಲು ವಾಪಸ್ಸು ಹೋಯ್ತು ಅನ್ನಿ, ಡೇರಿ ಅಂದ್ರೆ ಏನು ಅಂತ ಸಂಜೆಯೊಳಗೆ ಊರಿಗೆಲ್ಲ ತಿಳೀತದೆ, ಭಾಷಣ ಬೇಕಿಲ್ಲ. ಅಧ್ಯಕ್ಷರದು ಅಂತ ಸೆಕ್ರೆಟರಿ ಕಣ್ಣು ಮುಚ್ಚಿದ್ರೂ ಅಷ್ಟೇ ಬೇಗ ತಿಳೀತದೆ. ಮಾರನೆ ದಿನದಿಂದ ಊರ ನಲ್ಲಿಗೆ ಬಿಡುವಿರೋಲ್ಲ. ಕಂಪನಿ ಮೌಲ್ಯ ಗೋಡೆ ಮೇಲೆ ತೂಗುಹಾಕೋದಲ್ಲ ಸ್ವಾಮಿ, ಮೇಲಿನವರ ಕ್ಯಾನಿಗೆ ಮೊದಲು ನನ್ನನ್ನ ಬಿಡೋದು.

ಪ್ರಶ್ನೆ: ಕಣ್ತೆರೆಸಿದಿರಿ. ನಮ್ಮ ಪತ್ರಿಕೆಯ ಮೌಲ್ಯವೂ ಇದೇ: ‘ನಿರ್ಭೀತ, ನಿಷ್ಪಕ್ಷ, ನಿಖರ’.

ಲ್ಯಾಕ್ಟೋಮೀಟರ್: ಭೇಷ್. ಈ ವಿಶೇಷ ಸಂಚಿಕೆಗೆ ಹಿಂಬದಿ ಪುಟದ ಜಾಹೀರಾತು ಯಾರದು?

ಪ್ರಶ್ನೆ: ಅದು… ಆ ಹಾಸನದ ಕಾರ್ಯಾಗಾರದ ಕಂಪನಿಯದೇ.

ಲ್ಯಾಕ್ಟೋಮೀಟರ್: ಓಹೋ! ನಾನು ಹೆಸರು ಹೇಳಿದಾಗ ನಿಮ್ಮ ಪೆನ್ನು ನಿಂತದ್ದು ಅದಕ್ಕಾ? ಇರಲಿ, ಎಷ್ಟು ನೀರು ಬೇಕೋ ಹುಯ್ಕೊಳ್ಳಿ. ಡಿಗ್ರಿ ನೋಡೋಕೆ ಓದುಗರಿದ್ದಾರೆ.