ನಲವತ್ತೆರಡಕ್ಕೆ ನಿಂತ ಆಟ

ಕಲಬುರಗಿ ಜಿಲ್ಲೆಯ ನಮ್ಮ ನಾಲವಾರದಲ್ಲಿ ಮೇ ತಿಂಗಳ ಹೊತ್ತು ನೆತ್ತಿಗೇರಿತೆಂದರೆ ಬುದ್ಧಿ ನೆಟ್ಟಗಿದ್ದವರು ಯಾರೂ ಹೊರಗೆ ಕಾಲಿಡುವುದಿಲ್ಲ. ಒಳಗಿದ್ದು ಏನು ಮಾಡಬೇಕೆಂಬ ಬಗ್ಗೆಯೂ ಊರಿನಲ್ಲಿ ಭಿನ್ನಾಭಿಪ್ರಾಯ ಕಡಿಮೆ. ಎಲ್ಲರೂ ಮಲಗುತ್ತಾರೆ. ನಾನು ಕಂಪೈಲ್ ಮಾಡುತ್ತೇನೆ.

ಕಂಪೈಲ್ ಮಾಡುವುದು ಎಮ್ಯುಲೇಟರನ್ನು. ಹಳೆಯ ವಿಡಿಯೋ ಗೇಮ್ ಪೆಟ್ಟಿಗೆ ಇಲ್ಲದೆಯೇ ಕಂಪ್ಯೂಟರಿನಲ್ಲಿ ಆ ಪೆಟ್ಟಿಗೆಯ ವೇಷ ಕಟ್ಟಿಸುವ ತಂತ್ರಾಂಶ ಅದು. 1983ರ ಜುಲೈಯಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಫ್ಯಾಮಿಕಾಮ್ ಎಂಬ ಪೆಟ್ಟಿಗೆಯನ್ನು ಮಾರುಕಟ್ಟೆಗೆ ಬಿಟ್ಟಿತು. ನಮ್ಮ ಕಡೆಗೆ ಬರುವಷ್ಟರಲ್ಲಿ ಅದು ಕಂಪನಿಯ ಹೆಸರನ್ನು ದಾರಿಯಲ್ಲೆಲ್ಲೋ ಕಳಚಿಟ್ಟು, ನಕಲಿ ಅವತಾರ ತಾಳಿ, ಬರೀ ‘ವಿಡಿಯೋ ಗೇಮ್’ ಆಗಿತ್ತು. ಅದರ ಕ್ಯಾಸೆಟ್ಟಿನ ಮೇಲೆ 9999 ಆಟಗಳು ಎಂದು ಬರೆದಿರುತ್ತಿತ್ತು. ಒಳಗಿರುತ್ತಿದ್ದವು ಬೆರಳೆಣಿಕೆಯ ಆಟಗಳು. ಅವೇ ಅಂಗಿ ಬದಲಿಸಿ ಮತ್ತೆ ಮತ್ತೆ ಬರುತ್ತಿದ್ದವು.

ಅಕ್ಕನ ಮಗ ರಜೆಗೆಂದು ಬಂದಿದ್ದ. ರಜೆ ಎಂದರೆ ಪೂರ್ತಿ ರಜೆಯಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಉಳಿದಿತ್ತು, ಫೇಲಾದವರು ಮತ್ತೆ ಬರೆಯುವ ಪರೀಕ್ಷೆ-2 ಮುಂದಿತ್ತು. ಹಾಗಾಗಿ ಗಣಿತ ಒಂದನ್ನು ಬಿಟ್ಟು ಮಿಕ್ಕೆಲ್ಲದರಲ್ಲೂ ಅವನಿಗೆ ಅಪಾರ ಆಸಕ್ತಿ ಹುಟ್ಟಿತ್ತು. “ಮಾಮಾ, ಪ್ಲೇ ಸ್ಟೋರಿನಾಗ ಒಮ್ಮೆ ಒತ್ತಿದ್ರ ಎಮ್ಯುಲೇಟರ್ ಬರ್ತದ. ನೀ ಯಾಕ ಇಷ್ಟು ಒದ್ದಾಡ್ಲತ್ತೀ?” ಅಂದ.

ಒತ್ತಿದರೆ ಬರುವುದು ಆಟ ಮಾತ್ರ. ಸೋರ್ಸ್ ಕೋಡ್ ತರಿಸಿ ನಾವೇ ಕಂಪೈಲ್ ಮಾಡಿ ಕಟ್ಟಿದರೆ ಆ ಪೆಟ್ಟಿಗೆ ಹೇಗೆ ಯೋಚಿಸುತ್ತಿತ್ತೆಂಬುದೂ ಗೊತ್ತಾಗುತ್ತದೆ ಎಂದು ನಾನು ಭಾಷಣ ಶುರುಮಾಡಿದೆ. ಪಕ್ಕದ ಮನೆಯ ಕಾಕಾ ಅಷ್ಟರಲ್ಲಿ ಬಂದು ಕುಂತರು. ನಿವೃತ್ತ ಮಾಸ್ತರು; ನಿದ್ದೆ ಬಾರದ ಏಕೈಕ ನೆರೆಯವರು. ನನ್ನ ಪರವಾಗಿ ವಾದ ಎತ್ತಿಕೊಂಡವರೂ ಅವರೇ. “ಇಲ್ಲೇ ಸನ್ನತಿಯಾಗ 1986ರಾಗ ಕಾಳಿ ಗುಡಿ ಛಾವಣಿ ಬಿದ್ದು ಅಶೋಕನ ಶಾಸನ ಸಿಕ್ತು. ಅಲ್ಲಿತನ ಅದರ ಮ್ಯಾಲೆ ಮೂರ್ತಿ ಕೂಡಿಸಿದ್ರು. ಬ್ರಾಹ್ಮಿ ಓದೋರು ಇದ್ರು ಅಂತ ಶಾಸನ ಆಯ್ತು. ಇಲ್ಲಂದ್ರ ಅದೂ ಒಂದು ಪರಸಿ ಕಲ್ಲೇ.” ಓದುವ ಯಂತ್ರ ಸತ್ತರೆ ಕ್ಯಾಸೆಟ್ಟೂ ಬರೀ ಪ್ಲಾಸ್ಟಿಕ್ಕೇ ಎಂಬುದನ್ನು ನಾನು ಇಷ್ಟು ಚೆಂದವಾಗಿ ಹೇಳುತ್ತಿರಲಿಲ್ಲ.

ನಾನು ಹಿಡಿದದ್ದು ಎಫ್‌ಸಿಇಯುಎಕ್ಸ್ ಎಂಬ ಎಮ್ಯುಲೇಟರ್. ಕೋಡ್ ಇಳಿಸಿಕೊಳ್ಳುವುದು ಸುಲಭ. ಮಾಳಿಗೆಯ ಮೇಲಿನ ಒಂದು ಮೂಲೆಯಲ್ಲಿ ನೆಟ್‌ವರ್ಕ್ ಸಿಗುತ್ತದೆ. ಕಷ್ಟವೆಲ್ಲ ಆಮೇಲೆ. ಸಿಮೇಕ್ ಎಂಬ ಹಿರಿಯ ಮೊದಲು ಮನೆಯಲ್ಲಿ ಯಾರು ಯಾರಿದ್ದಾರೆಂದು ವಿಚಾರಿಸುತ್ತಾನೆ. ಎಸ್‌ಡಿಎಲ್ ಎಂಬ ಲೈಬ್ರರಿ ಇಲ್ಲವೇ? ಕೆಲಸ ನಿಂತಿತು. ಅದನ್ನು ಕರೆತಂದರೆ ಕ್ಯೂಟಿ ಎಲ್ಲಿ ಅನ್ನುತ್ತಾನೆ. ಕ್ಯೂಟಿಯನ್ನು ಕರೆದರೆ ಅದು ಒಂಟಿಯಾಗಿ ಬರುವ ಕುಳವಲ್ಲ, ಹಿಂದೆ ಇಡೀ ಬಳಗ. ಮದುವೆಗೆ ಒಬ್ಬ ಬೀಗರನ್ನು ಕರೆದು, ಅವರ ಬೀಗರ ಬೀಗರಿಗೂ ಎಲೆ ಹಾಕಬೇಕಾದ ಪರಿಸ್ಥಿತಿ. ಇಷ್ಟಾದ ಮೇಲೂ ಎಲ್ಲರೂ ಬಂದಿದ್ದಾರೆ, ಹೆಡರ್ ಫೈಲ್ ಮಾತ್ರ ಬಂದಿಲ್ಲ ಎಂದು ಮುನಿಸು. ಲೈಬ್ರರಿಯ ಹೆಸರಿನ ಬಾಲಕ್ಕೆ ‘ಡೆವ್’ ಎಂದಿರುವ ಪ್ಯಾಕೇಜನ್ನು ಬೇರೆಯಾಗಿಯೇ ಕರೆಯಬೇಕು.

ಕೊನೆಗೂ ಕಂಪೈಲ್ ಮಾಡಿಸುವ ಮೇಕ್ ಓಡತೊಡಗಿತು. ಪರದೆಯ ಮೇಲೆ ಶೇಕಡಾವಾರು ಅಂಕಿ ಏರಿದಂತೆಲ್ಲ ಲ್ಯಾಪ್‌ಟಾಪಿನ ಫ್ಯಾನಿನ ಆರ್ಭಟವೂ ಏರಿತು. ಅದನ್ನು ಎತ್ತಿ ನೆಲದ ಮೇಲೆ ಇಟ್ಟೆ. ಶಹಾಬಾದ್ ಪರಸಿಯ ನೆಲ, ಉರಿಬಿಸಿಲಿನಲ್ಲೂ ನಡುಮನೆಯಲ್ಲಿ ತಂಪು. ನಮ್ಮ ಕಡೆಯ ಈ ಸುಣ್ಣಕಲ್ಲು ವಾಡಿಯಲ್ಲಿ ಸಿಮೆಂಟಾಗುತ್ತದೆ, ಶಹಾಬಾದಿನಲ್ಲಿ ಹಾಸುಗಲ್ಲಾಗುತ್ತದೆ. ಪ್ರೊಸೆಸರ್ ತಣಿಸುವ ಉದ್ಯೋಗ ಅದಕ್ಕೆ ನಮ್ಮ ಮನೆಯಲ್ಲಿ ಸಿಕ್ಕಿತು. ಅದರ ಮೇಲೆ ಮಲಗಿದ್ದ ಅವ್ವ ಮಾತ್ರ ಗೊಣಗುತ್ತಾ ಅತ್ತ ಸರಿಯಬೇಕಾಯಿತು.

42ಕ್ಕೆ ಬಂದು ಎಲ್ಲವೂ ನಿಂತಿತು. ‘ಕಿಲ್ಡ್’ ಎಂಬ ಒಂದೇ ಪದ. ನಾಲ್ಕು ಕೆಲಸ ಒಟ್ಟಿಗೆ ನಡೆಯಲಿ ಎಂದು ಆಜ್ಞೆ ಕೊಟ್ಟಿದ್ದೆ. ಮೆಮೊರಿ ತುಂಬಿ ಲಿನಕ್ಸ್ ಕಂಪೈಲರನ್ನೇ ಮುಗಿಸಿತ್ತು. ಫ್ಯಾಮಿಕಾಮ್‌ಗೆ ಇದ್ದ ಕೆಲಸದ ಮೆಮೊರಿ 2 ಕಿಲೋಬೈಟ್. ನನ್ನ ಲ್ಯಾಪ್‌ಟಾಪಿನದು 4 ಗಿಗಾಬೈಟ್, ಇಪ್ಪತ್ತು ಲಕ್ಷ ಪಟ್ಟು ಹೆಚ್ಚು. ಅದು ಆ ಪೆಟ್ಟಿಗೆಯ ವೇಷ ಹೊಲಿಯಲೂ ಸಾಲಲಿಲ್ಲ.

ಕಾಕಾ ಕನ್ನಡಕ ಸರಿಮಾಡಿಕೊಂಡು ಅಂಕಿ ನೋಡಿದರು. “ನಮ್ಮ ಜಿಲ್ಲಾದ ರಿಜಲ್ಟಿಗೇ ಬಂದು ನಿಂತದ ನೋಡು!” 2025ರ ಎಸ್ಸೆಸ್ಸೆಲ್ಸಿಯಲ್ಲಿ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇ. 42.43, ರಾಜ್ಯಕ್ಕೇ ಕೊನೆ. ಹುಡುಗ ಗಣಿತದ ಪುಸ್ತಕ ತೆರೆದು ಮುಖ ಮುಚ್ಚಿಕೊಂಡ.

ಬ್ರೌಸರ್ ಮುಚ್ಚಿ, ಒಂದೊಂದೇ ಕೆಲಸ ಮಾಡೆಂದು ಮತ್ತೆ ಹಚ್ಚಿದೆ. ಮೇಕ್‌ನ ದೊಡ್ಡ ಗುಣವೆಂದರೆ ಅದು ಮೊದಲಿನಿಂದ ಶುರುಮಾಡುವುದಿಲ್ಲ. ಫೈಲುಗಳ ಹೊತ್ತು ನೋಡಿ, ಆಗಿರುವುದನ್ನು ಬಿಟ್ಟು ಆಗದಿರುವುದನ್ನಷ್ಟೇ ಕೈಗೆತ್ತಿಕೊಳ್ಳುತ್ತದೆ. “ಪಾಸಾದ ವಿಷಯ ಮತ್ತ ಬರೆಯಂಗಿಲ್ಲ. ಇದು ಪರೀಕ್ಷೆ-2,” ಎಂದು ಕಾಕಾ ತೀರ್ಪು ಕೊಟ್ಟರು. ಕರೆಂಟು ಹೋದಾಗ ಪರೀಕ್ಷೆ-3ಕ್ಕೂ ಕೂಡಿಸಬೇಕಾಯಿತು. ಎಲ್ಲಿ ಫೇಲಾದೆ ಎಂದು ಸಾಲಿನ ಸಂಖ್ಯೆ ಸಮೇತ ಹೇಳಿ, ಮತ್ತೆ ಬಾ ಎಂದು ಕರೆಯುವ, ಈ ಕಂಪೈಲರಿನಂಥ ಪರೀಕ್ಷಾ ಮಂಡಳಿ ನನಗೆ ಇನ್ನೆಲ್ಲೂ ಸಿಕ್ಕಿಲ್ಲ. ನನ್ನ ಮಟ್ಟಿಗೆ ಆಟವೆಂದರೆ ಇದೇ. ಆ ಪೆಟ್ಟಿಗೆಯ ಮಾರಿಯೋ ಆಟದಲ್ಲಾದರೆ ಮೂರೇ ಜೀವ.

100 ಕಾಣಿಸಿದಾಗ ಕಾಕಾ ಎದ್ದು ನಿಂತರು. “ಫಸ್ಟ್ ಬಂದ ದಕ್ಷಿಣ ಕನ್ನಡದವರದೂ 91ಕ್ಕ ನಿಂತಿತ್ತು!”

ಕಟ್ಟಿದ್ದಾಯಿತು, ಇನ್ನು ವೇಷ ಒಪ್ಪುತ್ತದೋ ನೋಡಬೇಕು. ಎಮ್ಯುಲೇಟರಿನ ಪಾಡು ವಿಚಿತ್ರ. ಅದು ಸರಿ ಮಾಡಿದರೆ ಸಾಲದು, ಹಳೆಯ ಪೆಟ್ಟಿಗೆಯಂತೆಯೇ ತಪ್ಪೂ ಮಾಡಬೇಕು. ಫ್ಯಾಮಿಕಾಮ್ ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಬೊಂಬೆಗಳನ್ನು ತೋರಿಸದು. ಹೆಚ್ಚಾದರೆ ಅವು ಮಿಣಮಿಣ ಎನ್ನುತ್ತವೆ. ಆ ಮಿಣುಕನ್ನೂ ನಿಷ್ಠೆಯಿಂದ ನಟಿಸಬೇಕು. ನಮ್ಮ ಟೀವಿಗಳು ಸೆಕೆಂಡಿಗೆ 50 ಸಲ ಚಿತ್ರ ಬದಲಿಸುತ್ತಿದ್ದವು, ಜಪಾನಿನವು 60. ಅವರ ಆಟವನ್ನು 50ರ ಪೆಟ್ಟಿಗೆಯಲ್ಲಿ ಓಡಿಸಿದರೆ ಆರರಲ್ಲೊಂದು ಪಾಲು ನಿಧಾನ. ಆ ಆಲಸ್ಯಕ್ಕೂ ಒಂದು ಸೆಟ್ಟಿಂಗ್ ಇಟ್ಟಿದ್ದಾರೆ.

ಹುಡುಗ ಕಂಟ್ರೋಲರ್ ಹಿಡಿದು ತಯಾರಾಗಿದ್ದ. ಎಮ್ಯುಲೇಟರಿನ ಕೋಡ್ ಎಲ್ಲರದು, ಆಟಗಳು ಅವುಗಳ ಕಂಪನಿಯವು. ಆದ್ದರಿಂದ ನಾನು ಹಾಕಿದ್ದು ನೆಸ್‌ಟೆಸ್ಟ್ ಎಂಬ ಪರೀಕ್ಷಾ ಪ್ರೋಗ್ರಾಂ. ಪ್ರೊಸೆಸರಿನ ಒಂದೊಂದು ಆದೇಶವನ್ನೂ ಕೇಳಿ ನೋಡಿ ಅಂಕ ಕೊಡುವುದೇ ಅದರ ಕೆಲಸ. ಕೈಪಿಡಿಯಲ್ಲಿಲ್ಲದ ಕಳ್ಳ ಆದೇಶಗಳಿಗೂ ಅದರಲ್ಲಿ ಒಂದು ಪುಟವಿದೆ. ಸ್ಟಾರ್ಟ್ ಒತ್ತಿಸಿದೆ. ಸಾಲಿಗೊಂದು ‘ಓಕೆ’ ಬೀಳುತ್ತಾ ಹೋಯಿತು. ಹುಡುಗ ಮಾರಿಯೋ ಈಗ ಬಂದಾನು, ಆಗ ಬಂದಾನು ಎಂದು ಕಾದ.

ಕಾಕಾ ಮಾತ್ರ ಪರದೆಗೆ ಮೂಗು ತಾಗಿಸಿ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರು. “ಒಂದೂ ಫೇಲ್ ಇಲ್ಲಲ್ಲೋ! ಯಾರದಿದು ಇಷ್ಟು ಚಲೋ ರಿಜಲ್ಟ್?”

ಕಂಟ್ರೋಲರ್ ಕೆಳಗಿಟ್ಟು ಹುಡುಗ ಹೇಳಿದ: “ಜಪಾನಿನವರದು ಕಾಕಾ. 1983ರ ಬ್ಯಾಚ್.”