ಗ್ರೂಪ್ಸ್ ಗೌಡರು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ಕಡೆ ಊರಿಗೊಬ್ಬರಾದರೂ ಇವರು ಸಿಗುತ್ತಾರೆ. ನಾನು ಹೇಳಹೊರಟಿರುವುದು ಹೊಸ ಅಗ್ರಹಾರದ ಕಡೆಯವರನ್ನು. ಹೆಸರು ಬೇಡ. ಹೇಳಿದರೆ ಹತ್ತು ಮಂದಿ ‘ಅದು ನಾನೇ’ ಎಂದು ಫ್ಲೆಕ್ಸ್ ಹಾಕಿಸಿಬಿಟ್ಟಾರು. ಬೊಲೆರೊ ಹಿಂದಿನ ಗಾಜಿನ ಮೇಲೆ ಮನೆದೇವರ ಹೆಸರು, ಅದಕ್ಕಂಟಿಕೊಂಡಂತೆ ‘ಗ್ರೂಪ್ಸ್’ ಎಂದು ಕಂಡರೆ ಒಳಗಿರುವುದು ಅವರೇ.

ಬಾಡೂಟದ ಪಂಕ್ತಿಯಲ್ಲಿ ಪಕ್ಕಕ್ಕೆ ಸಿಕ್ಕರೆ ಎಲೆಗೆ ಮುದ್ದೆ ಬೀಳುವ ಮೊದಲೇ ವಿಸಿಟಿಂಗ್ ಕಾರ್ಡ್ ಬೀಳುತ್ತದೆ. ಆಗ್ರೋ, ಪೌಲ್ಟ್ರಿ, ಟ್ರೇಡರ್ಸ್, ಟ್ರಾನ್ಸ್‌ಪೋರ್ಟ್, ಡೆವಲಪರ್ಸ್, ಹೋಟೆಲ್, ಕನ್ವೆನ್ಷನ್ ಹಾಲ್. ಹಿಂಬದಿ ಖಾಲಿ. ಕೇಳಿದರೆ, “ಅದು ಮುಂದಿನ್ ಪ್ಲಾನ್‌ಗೆ ಕಣಪ್ಪ” ಎನ್ನುತ್ತಾರೆ.

ಅಜ್ಜ ನಾಲೆ ನೀರು ನಂಬಿ ಭತ್ತ ಬೆಳೆದವರು. ಅಪ್ಪ ಅದರ ಜತೆಗೆ ಹೊಗೆಸೊಪ್ಪು ಹಾಕಿ, ಅದನ್ನು ಹದ ಮಾಡುವ ಬ್ಯಾರನ್ ಕಟ್ಟಿದವರು. ಇವರ ಕಾಲಕ್ಕೆ ಕೋಳಿ ಬಂತು. ಪೂರ್ವ ಪಶ್ಚಿಮವಾಗಿ ಉದ್ದದ ಶೆಡ್ಡು, ಎರಡೂ ಪಕ್ಕ ಜಾಲರಿ, ನೆಲಕ್ಕೆ ರೈಸ್‌ಮಿಲ್ಲಿನ ಭತ್ತದ ಹೊಟ್ಟು. ಒಂದು ದಿನದ ಮರಿಗಳು ಕಂಪನಿಯ ವ್ಯಾನಿನಲ್ಲಿ ಬಂದಿಳಿಯುತ್ತವೆ. ಫೀಡು, ಔಷಧಿ, ಲಸಿಕೆ ಎಲ್ಲ ಕಂಪನಿಯದೇ. ಆರು ವಾರದ ಆಸುಪಾಸಿನಲ್ಲಿ ಎರಡು ಕೆ.ಜಿ. ದಾಟುತ್ತಲೇ ರಾತ್ರೋರಾತ್ರಿ ಲಾರಿ ಬಂದು ತುಂಬಿಕೊಂಡು ಹೋಗುತ್ತದೆ. ಗೌಡರಿಗೆ ಉಳಿಯುವುದು ಕೆ.ಜಿ.ಗೆ ಇಷ್ಟೆಂದು ಸಾಕಣೆ ಕೂಲಿ. ಕೋಳಿ ಜಾಸ್ತಿ ತಿಂದು ಕಮ್ಮಿ ತೂಗಿದರೆ ಅದರಲ್ಲೂ ಕಡಿತ. ಲೆಕ್ಕ ಬಿಡಿಸಿ ನೋಡಿದರೆ ಕೋಳಿ ಕಂಪನಿಯದು, ಶೆಡ್ಡು ಬ್ಯಾಂಕಿನದು, ಗೊಬ್ಬರವೊಂದೇ ಗೌಡರದು.

ಆದರೂ ಎಂ.ಡಿ. ಅವರೇ. ಮೀಸೆ ಇನ್ನೂ ಸರಿಯಾಗಿ ಬಾರದ ಕಂಪನಿಯ ಸೂಪರ್‌ವೈಸರ್ ಹುಡುಗ ಬೈಕು ನಿಲ್ಲಿಸಿ, “ಏನ್ ಗೌಡ್ರೇ, ಈ ಸಲ ಸಾವು ಜಾಸ್ತಿ ಆಯ್ತು” ಎಂದಾಗ ಮಾತ್ರ ಎಂ.ಡಿ. ಎದ್ದು ನಿಲ್ಲುತ್ತಾರೆ. ಎಳನೀರು ಕೆತ್ತಿಸುತ್ತಾರೆ. ಆತ ಬೈಕು ಹತ್ತಿ ಮರೆಯಾದ ಮೇಲೆ, “ನಮ್ ಸ್ಟಾಫು” ಎಂದು ನಮಗೆ ಪರಿಚಯಿಸುತ್ತಾರೆ.

ವಿಸ್ತರಣೆಯ ಹುಚ್ಚು ಹತ್ತಿದ್ದು 2020ರ ಮಾರ್ಚಿನಲ್ಲಿ. ಕೋಳಿ ತಿಂದರೆ ಕೊರೊನಾ ಬರುತ್ತದೆಂಬ ಗಾಳಿಸುದ್ದಿ ಒಂದು ಕಡೆ, ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಇನ್ನೊಂದು ಕಡೆ. ಕೋಳಿಯನ್ನು ಪುಕ್ಕಟೆ ಕೊಟ್ಟರೂ ಕೇಳುವವರಿಲ್ಲ. ಒಂದೇ ಉದ್ಯಮ ನಂಬಿ ಕೂರಬಾರದು ಎಂದು ಗೌಡರಿಗೆ ಅಂದೇ ಜ್ಞಾನೋದಯವಾಯಿತು. ಜ್ಞಾನ ಸರಿಯಾಗಿಯೇ ಇತ್ತು. ಮುಹೂರ್ತ ಮಾತ್ರ ಪ್ರತಿ ಸಲವೂ ಕೆಟ್ಟಿತು.

ಶುಂಠಿಯನ್ನೇ ನೋಡಿ. 2023ರ ಮಳೆಗಾಲದಲ್ಲಿ 60 ಕೆ.ಜಿ. ಚೀಲದ ದರ 20 ಸಾವಿರದ ಹತ್ತಿರ ಹೋಯಿತು. ಹೊಲದಿಂದಲೇ ಶುಂಠಿ ಕದಿಯುತ್ತಾರೆಂದು ಜನ ರಾತ್ರಿಯಿಡೀ ಕಾವಲು ಕೂತರು. ಗೌಡರು ಅದನ್ನು ಕಣ್ಣಾರೆ ಕಂಡು, ಮರುವರ್ಷ ಕೋಟೆ ಕಡೆ ಕೇರಳದವರ ಜತೆ ಪೈಪೋಟಿಗೆ ಬಿದ್ದು ಜಮೀನು ಗುತ್ತಿಗೆ ಹಿಡಿದು, ಏರಿದ ದರದಲ್ಲೇ ಬಿತ್ತನೆ ಗಡ್ಡೆ ಕೊಂಡರು. ಕೀಳುವ ಹೊತ್ತಿಗೆ ದರ ನೆಲ ಕಚ್ಚಿತ್ತು. ಅಲ್ಲಿಯವರೆಗೆ ಶುಂಠಿ ಬೆಳೆಗಾರರು ಸಾಲುಗಟ್ಟಿ ಬಂದು ಇವರ ಕೋಳಿಗೊಬ್ಬರವನ್ನು ಮುಂಗಡ ಕೊಟ್ಟು ಒಯ್ಯುತ್ತಿದ್ದರು. ಆ ವರ್ಷ ಗೊಬ್ಬರವೆಲ್ಲ ಇವರ ಹೊಲಕ್ಕೇ ಬಿದ್ದದ್ದರಿಂದ ಆ ದುಡ್ಡೂ ಬರಲಿಲ್ಲ.

ಹೋಟೆಲ್ ವಿಭಾಗದ್ದು ಇನ್ನೊಂದು ಕಥೆ. ಮನೆ ಹಿಂದೆ ಸಾವಿರಾರು ಕೋಳಿ ಕೊಕ್ಕೊಕ್ಕೊ ಎನ್ನುತ್ತಿವೆ, ಒಂದನ್ನೂ ಮುಟ್ಟುವಂತಿಲ್ಲ. ಎಲ್ಲವೂ ಕಂಪನಿಯ ಲೆಕ್ಕದವು. ಹಾಗಾಗಿ ದಿನಾ ಬೆಳಿಗ್ಗೆ ಕೆ.ಆರ್. ನಗರದ ಅಂಗಡಿಯಿಂದ ಚಿಕನ್ ತರಿಸುತ್ತಾರೆ. ಬೋರ್ಡಿನಲ್ಲಿ ಮಾತ್ರ ‘ನಮ್ಮದೇ ಫಾರಂ’. ಕನ್ವೆನ್ಷನ್ ಹಾಲಿನಲ್ಲಿ ಇದುವರೆಗೆ ನಡೆದಿರುವುದು ಇವರ ಮಗಳ ಮದುವೆ, ಮತ್ತೆ ಇವರ ಮೊಮ್ಮಗನ ನಾಮಕರಣ. ವರ್ಷಗಟ್ಟಲೆ ಬಾಗಿಲು ಹಾಕಿದ್ದ ಚುಂಚನಕಟ್ಟೆಯ ಸಕ್ಕರೆ ಕಾರ್ಖಾನೆಯ ಮಾತು ಬಂದರೆ, “ಒಂದು ಮಾತು ನಮ್ಮನ್ನ ಕೇಳಿದ್ರೆ ನಾವೇ ಲೀಸ್‌ಗೆ ಹಿಡೀತಿದ್ದೊ” ಎಂದು ನಿಟ್ಟುಸಿರು ಬಿಡುತ್ತಾರೆ. ಕೇಳದೆ ಇದ್ದವರು ಪುಣ್ಯವಂತರು.

ಆಡಳಿತ ಮಂಡಳಿ ಕತ್ತಲಾದ ಮೇಲೆ ಜಗಲಿಯಲ್ಲಿ ಸೇರುತ್ತದೆ. ತಮ್ಮ ಟ್ರಾನ್ಸ್‌ಪೋರ್ಟ್ ಡೈರೆಕ್ಟರ್, ಅಂದರೆ ಟ್ರ್ಯಾಕ್ಟರ್ ಓಡಿಸುತ್ತಾನೆ. ಮೈಸೂರಿನಲ್ಲಿ ಎಂ.ಬಿ.ಎ. ಓದಿ ಬಂದ ಮಗ ಸಿ.ಇ.ಒ.; ಶೆಡ್ಡಿನ ವಾಸನೆ ಅವನಿಗಾಗದು. ಗೌಡತಿಗೆ ಯಾವ ಹುದ್ದೆಯೂ ಇಲ್ಲ, ಬೀರುವಿನ ಬೀಗದ ಕೈ ಇದೆ. ಹಿತ್ತಲಲ್ಲಿ ಅವರದೇ ಹದಿನೈದಿಪ್ಪತ್ತು ನಾಟಿಕೋಳಿ. ಮೊಟ್ಟೆ ಮಾರಿದ್ದು, ಸ್ತ್ರೀಶಕ್ತಿ ಸಂಘದಿಂದ ಬಂದದ್ದು ಎಲ್ಲ ಸೇರಿಸಿ ಗ್ರೂಪ್ಸಿಗೆ ಕೈಸಾಲ ಕೊಡುವವರೂ ಅವರೇ.

ಗೌಡರ ಬಳಿ ಒಂದು ಬ್ರಹ್ಮಾಸ್ತ್ರವಿದೆ. “ಪುಣೆ ಕೋಳಿಯೋರು 2010ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬನ್ನೇ ಕೊಂಡ್ಕೊಂಡ್ರು. ನಾನೊಂದು ಪೆಟ್ರೋಲ್ ಬಂಕ್ ಹಾಕ್ಬಾರ್ದಾ?” ಮಾತು ಸುಳ್ಳಲ್ಲ. ವೆಂಕೀಸ್ ಕುಟುಂಬ ಬ್ಲ್ಯಾಕ್‌ಬರ್ನ್ ರೋವರ್ಸ್ ಕ್ಲಬ್ಬನ್ನು ಕೊಂಡದ್ದು ನಿಜ. 2012ರಲ್ಲಿ ಆ ತಂಡ ಪ್ರೀಮಿಯರ್ ಲೀಗಿನಿಂದ ಕೆಳಗಿಳಿದದ್ದು, 2017ರಲ್ಲಿ ಇನ್ನೂ ಒಂದು ಮೆಟ್ಟಿಲು ಜಾರಿದ್ದೂ ನಿಜ. ಎರಡನೆಯ ಅರ್ಧವನ್ನು ಗೌಡರಿಗೆ ಮಗ ಹೇಳಿಲ್ಲ. ಗೌಡರು ಬಂಕಿನ ಮಾತು ಎತ್ತಿದ ದಿನ ಗೌಡತಿ ಮುದ್ದೆ ತೊಳಸುತ್ತಲೇ ಒಳಗಿನಿಂದ ಅಂದರಂತೆ: “ಅವ್ರು ಕೋಳಿ ಸ್ವಂತ ಇಟ್ಕೊಂಡವ್ರೆ ಕಣ್ರಿ. ನಮ್ದು ಗೊಬ್ರ ಮಾತ್ರ.”

ಬಂಕಿನ ಅರ್ಜಿ ಹೋಗಿದೆ. ಸೋಲಾರ್ ವಿಚಾರವೂ ಮಾತಿನಲ್ಲಿದೆ. ಇಷ್ಟೆಲ್ಲದರಲ್ಲಿ ಸಾಲವಿಲ್ಲದೆ ನಡೆದು ಲಾಭ ಕಂಡಿರುವ ವಿಭಾಗ ಒಂದೇ, ಅದು ಕಾರ್ಡಿನಲ್ಲಿ ಅಚ್ಚಾಗಿಲ್ಲ. ತೋಟಕ್ಕೆ ಕೋಳಿಗೊಬ್ಬರ ಬೇಕಾದವರು ಶೆಡ್ಡು ಖಾಲಿಯಾಗುವ ವಾರ ಬನ್ನಿ. ಗೌಡರನ್ನು ಕೇಳಬೇಡಿ, ಹೊಸ ಉದ್ಯಮಕ್ಕೆ ಪಾಲುದಾರರಾಗಿ ಎಂದುಬಿಡುತ್ತಾರೆ. ನೇರ ಹಿತ್ತಲಿಗೆ ಹೋಗಿ ಗೌಡತಿಯ ಕೈಗೆ ಮುಂಗಡ ಕೊಡಿ. ಟ್ರ್ಯಾಕ್ಟರ್ ನೀವೇ ತನ್ನಿ. ಟ್ರಾನ್ಸ್‌ಪೋರ್ಟ್ ವಿಭಾಗದ್ದು ರಿಪೇರಿಗೆ ಹೋಗಿದೆ.